ಕೆಂಪು ವೈರು

ಬ್ಯಾಟರಿ ಕೊಟ್ಟವನು ಹೆಂಡತಿಯ ತಮ್ಮ. ಅನುಮಾನಕ್ಕೆ ನನಗೆ ಅಷ್ಟೇ ಸಾಕಾಗಿತ್ತು. ಹಳೇ ಬ್ಯಾಟರಿ ಬಿಚ್ಚಿ, ಒಳ್ಳೇ ಸೆಲ್ ಆರಿಸಿ ಹೊಸದು ಕಟ್ಟುವುದು ಅವನ ಕಸುಬು. ಯಾವುದನ್ನು ಆರಿಸಿದನೋ, ನೋಡಿದವರು ಯಾರು?

ಮಂಡಿನೋವಿನ ಹೆಂಡತಿ ತನ್ನ ಹೊಲಿಗೆ ಅಂಗಡಿಯ ದಿಬ್ಬ ಹತ್ತಲಾರಳು. ಅವಳಿಗೋಸ್ಕರ ಹಳೇ ಸ್ಕೂಟರಿಗೆ ಬ್ಯಾಟರಿಯಲ್ಲಿ ಓಡುವ ಮೋಟಾರು ಕೂರಿಸುತ್ತಿದ್ದೆ. ಅದು ಓಡದಿದ್ದರೆ ಈ ತಿಂಗಳೇ ಅಂಗಡಿ ಬಿಡಬೇಕು.

"ನಲವತ್ತೆಂಟು ವೋಲ್ಟು, ಭಾವ," ಅಂದ. "ವೋಲ್ಟು ಅಂದ್ರೆ ತೊಟ್ಟಿ ಎಷ್ಟು ಎತ್ತರದಲ್ಲಿದೆ ಅಂತ. ಆಂಪಿಯರ್ ಅಂದ್ರೆ ಪೈಪಿನಲ್ಲಿ ಎಷ್ಟು ಹರೀತಿದೆ ಅಂತ. ಎರಡನ್ನೂ ಗುಣಿಸಿದ್ರೆ ವ್ಯಾಟು. ದಿಬ್ಬ ಹತ್ತಿಸೋದು ಅದೇ."

"ಮೂವತ್ತು ಆಂಪಿಯರ್-ಅವರ್ ಅಂತ ಬರೆದಿದೀಯಲ್ಲ?"

"ತೊಟ್ಟಿ ಎಷ್ಟು ನೀರು ಹಿಡಿಯುತ್ತೆ ಅಂತ."

"ನೀರಿದೆಯೋ, ಬರೀ ತೊಟ್ಟಿಯೋ?"

"ನಿಮ್ಮ ಹತ್ರ ಕರೆಂಟು ಅಳೆಯೋ ಮೀಟರ್ ಇದೆಯಲ್ಲ, ನೋಡ್ಕೊಳ್ಳಿ," ಎಂದು ನಕ್ಕು ಹೋದ. ಆ ನಗುವೂ ಸರಿಬೀಳಲಿಲ್ಲ.

ಮೀಟರಿನ ಗುಂಡಿಯನ್ನು ವೋಲ್ಟಿಗೆ ತಿರುಗಿಸಿ, ಅದರ ವೈರುಗಳ ತುದಿಯ ಎರಡೂ ಕಡ್ಡಿಯನ್ನು ಬ್ಯಾಟರಿಗೆ ಇಟ್ಟೆ. ಚಟ್ ಎಂದಿತು. ಸೊನ್ನೆ. ಮತ್ತೆ ಇಟ್ಟೆ. ಸೊನ್ನೆಯೇ.

"ನೋಡು ನಿನ್ನ ತಮ್ಮನ ಕೈಚಳಕ. ಸತ್ತ ಬ್ಯಾಟರಿ ನಮ್ಮ ತಲೆಗೆ ಕಟ್ಟಿದಾನೆ. ಇನ್ನು ಈ ಹೊಸ್ತಿಲು ತುಳೀಬೇಡ ಅಂತೀನಿ," ಎಂದು ಫೋನು ಎತ್ತಿಕೊಂಡೆ.

ಅಂಗಿಗೆ ಗುಂಡಿ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ಚಟ್ ಅಂದಿದ್ದೇನು?"

"ಕಿಡಿ."

"ಸತ್ತಿದ್ದು ಕಿಡಿ ಹಾರಿಸುತ್ತಾ?"

ಫೋನು ಕೈಯಲ್ಲೇ ಉಳಿಯಿತು.

"ಹೊಲಿಗೆ ಬೀಳದಿದ್ರೆ ನಾನು ಮಷೀನು ಕೊಟ್ಟೋನನ್ನ ಬಯ್ಯಲ್ಲ. ಮೊದಲು ಸೂಜಿ ನೋಡ್ತೀನಿ," ಅಂದಳು.

ನೋಡಿದೆ. ಹಿಂದಿನ ದಿನ ಹೆಡ್‌ಲೈಟು ಎಷ್ಟು ಆಂಪಿಯರ್ ಎಳೆಯುತ್ತದೆಂದು ಅಳೆದಿದ್ದೆ. ಗುಂಡಿ ತಿರುಗಿಸಿದ್ದರೂ ಮೀಟರಿನ ಕೆಂಪು ವೈರು ಇನ್ನೂ ಆಂಪಿಯರಿನ ತೂತಿನಲ್ಲೇ ಇತ್ತು. ಅಲ್ಲಿದ್ದಾಗ ಮೀಟರು ಬರೀ ಒಂದು ತುಂಡು ತಂತಿ ಇದ್ದ ಹಾಗೆ. ಬ್ಯಾಟರಿಗೆ ಅದನ್ನು ಅಡ್ಡ ಇಟ್ಟರೆ ತೊಟ್ಟಿಯ ತಳ ಒಡೆದ ಹಾಗೆಯೇ. ಸತ್ತದ್ದು ಬ್ಯಾಟರಿಯಲ್ಲ, ಮೀಟರಿನ ಫ್ಯೂಸು. ಕೈ ಸುಡದಿದ್ದದ್ದು ನನ್ನ ಪುಣ್ಯ.

ವೈರನ್ನು ವೋಲ್ಟಿನ ತೂತಿಗೆ ಹಾಕಿ ಮತ್ತೆ ಇಟ್ಟೆ. ಐವತ್ನಾಲ್ಕು. ಹೇಳಿದ್ದಕ್ಕಿಂತ ಆರು ಜಾಸ್ತಿ. ಯಾಕೆ ಜಾಸ್ತಿ ಕೊಟ್ಟ ಅಂತ ಮತ್ತೆ ಅನುಮಾನ ಬಂತು. ಫೋನು ಮಾಡಿಯೇಬಿಟ್ಟೆ.

"ತುಂಬಿದಾಗ ಅಷ್ಟಿರುತ್ತೆ, ಭಾವ. ಖಾಲಿಯಾಗ್ತಾ ಇಳಿಯುತ್ತೆ. ನಲವತ್ತೆಂಟು ಅನ್ನೋದು ನಡುವಿನ ಲೆಕ್ಕ."

"ಸರಿ. ಭಾನುವಾರ ಊಟಕ್ಕೆ ಬಾ," ಅಂದೆ. "ಬರುವಾಗ ಮೀಟರಿಗೆ ಒಂದು ಫ್ಯೂಸು ತಾ."



"ಕೆಂಪು ವೈರಾ, ಭಾವ?"