ಸಡಿಲ ಮುಚ್ಚಳ

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗದು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಒಂದೇ ಮನೆ, ಒಂದೇ ಅಡುಗೆಮನೆ, ಸಾಲದ್ದಕ್ಕೆ ಒಂದೇ ಆಫೀಸು. ಹಳೆಯ ಕಾರ್ಖಾನೆಗಳು ವಿಷ ಸುರಿದು ಹೋದ ಜಾಗಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ಅವಳು ಬೂಟು ಹಾಕಿಕೊಂಡು ಹೋಗಿ ಮಣ್ಣು, ನೀರು ತರುತ್ತಾಳೆ. ಲ್ಯಾಬಿನಿಂದ ಬಂದ ಅಂಕಿಗಳನ್ನು ನಂಬಬಹುದೋ ಇಲ್ಲವೋ ಎಂದು ಮೂಲೆಯ ಮೇಜಿನಲ್ಲಿ ಕೂತು ತೀರ್ಮಾನಿಸುವವಳು ನಾನು. ಫೋಟೋ ಬರುವುದು ಮಾತ್ರ ಬೂಟಿನವಳದ್ದು.

ಮನೆಯಲ್ಲೂ ಅದೇ ರಾಗ. ಬಂದವರಿಗೆಲ್ಲ ನಮ್ಮ ಅತ್ತೆ, ಚಿಕ್ಕ ಸೊಸೆ ಬಾವಿಗೇ ಇಳಿಯುತ್ತಾಳೆ ಎಂದು ಕೊಚ್ಚಿಕೊಳ್ಳುತ್ತಾರೆ. ಅವಳೆಲ್ಲಿ ಇಳಿಯುತ್ತಾಳೆ, ಹಗ್ಗ ಕಟ್ಟಿ ಬಾಟಲಿ ಇಳಿಸುತ್ತಾಳೆ. ತಿದ್ದಲು ಹೋದರೆ ಹೊಟ್ಟೆಕಿಚ್ಚು ಎಂದಾರೆಂದು ಸುಮ್ಮನಿರುತ್ತೇನೆ. ಹೊಟ್ಟೆಕಿಚ್ಚೇ, ಆ ಮಾತು ಬೇರೆ. ಮೈದುನ ಅವಳಿಗೆ ಸೆಂಟು ತಂದುಕೊಟ್ಟ ವಾರವೇ ನನ್ನ ಗಂಡ ನನಗೆ ಕುಕ್ಕರಿನ ರಬ್ಬರು ತಂದುಕೊಟ್ಟರು. ಆ ಸೆಂಟಿನ ಬಾಟಲಿ ಬಚ್ಚಲುಮನೆಯ ಗೂಡಿನಲ್ಲಿ ನನ್ನ ಕಣ್ಣು ಕುಕ್ಕುತ್ತ ಕೂತಿರುತ್ತಿತ್ತು. ಸ್ನಾನಕ್ಕೆ ಹೋದಾಗಲೆಲ್ಲ ಅದರ ತಿರುಪಿನ ಮುಚ್ಚಳವನ್ನು ಚೂರು ಸಡಿಲ ಮಾಡಿ ಬರುತ್ತಿದ್ದೆ. ಕದಿಯಲಿಲ್ಲ, ಚೆಲ್ಲಲಿಲ್ಲ. ಅದರ ಪಾಡಿಗೆ ಅದು ಹಾರಿಹೋಗಲಿ ಎಂದಷ್ಟೇ.

ಹೀಗಿರುವಾಗ ಬಣ್ಣದ ಕಾರ್ಖಾನೆಯ ಬಾವಿಯ ಫಲಿತಾಂಶ ಬಂತು. ಕಾರ್ಖಾನೆ ಮುಚ್ಚಿ ವರ್ಷಗಳಾಗಿವೆ, ಆದರೆ ಗೋಡೆಯ ಹಿಂದಿನ ಸಾಲುಮನೆಗಳವರು ಈಗಲೂ ಆ ಬಾವಿಯ ನೀರೇ ಕುಡಿಯುತ್ತಾರೆ. ನೀರಿನಲ್ಲಿ ಥಿನ್ನರಿನಂಥ ವಿಷ, ಮಿತಿಗಿಂತ ಎಷ್ಟೋ ಹೆಚ್ಚು. ಪಕ್ಕದಲ್ಲಿ ಲ್ಯಾಬಿನವರ ಷರಾ: ಬಾಟಲಿ ತಂದ ಪೆಟ್ಟಿಗೆಯ ಐಸು ಕರಗಿತ್ತು, ಬಾಟಲಿ ಬೆಚ್ಚಗಿತ್ತು, ಅಂಕಿಯನ್ನು ಅಂದಾಜು ಎಂದೇ ತಿಳಿಯಬೇಕು. ಓರಗಿತ್ತಿಯ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂಕಿಯ ಮೇಲೆ ನಾನೊಂದು ಗೀಟು ಎಳೆದರೆ ಅವಳು ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಮರುದಿನ ಸಭೆ. ಕಾರ್ಖಾನೆಯ ವಕೀಲರು ಬಂದಿದ್ದರು. ಸಾಲುಮನೆಗಳ ಪರವಾಗಿ ಬಂದ ಹೆಂಗಸೊಬ್ಬಳು ಬಾಗಿಲ ಬಳಿ, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಯಾವ ಜಾಗ ಶುಚಿ ಮಾಡಿಸಬೇಕು, ಯಾವ ಬಾವಿ ಮುಚ್ಚಿಸಬೇಕು ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು. ತಪ್ಪಿದರೆ ಮುಂದಿನ ವರ್ಷವೇ. ಐಸಿಲ್ಲದ ಬಾಟಲಿಯನ್ನು ನಂಬಿ ತಮ್ಮ ಕಕ್ಷಿದಾರರನ್ನು ಹೊಣೆ ಮಾಡುವುದು ಯಾವ ನ್ಯಾಯ ಎಂದು ವಕೀಲರು ಕೇಳಿದರು. ಓರಗಿತ್ತಿಯ ಮುಖ ಸಪ್ಪಗಾಯಿತು. ತಪ್ಪು ತನ್ನದೇ, ಇನ್ನಷ್ಟು ಐಸು ಒಯ್ಯಬೇಕಿತ್ತು, ಆ ಅಂಕಿ ಕೈಬಿಡಿ ಎಂದು ತಾನಾಗಿಯೇ ಒಪ್ಪಿಕೊಂಡುಬಿಟ್ಟಳು. ಪೆದ್ದಿ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. ನಾನು ಹೂಂ ಎಂದಿದ್ದರೆ ಸಾಕಿತ್ತು.

"ಹಾಗಾದ್ರೆ ಆ ನೀರು ಕುಡೀಬಹುದಾ ಮೇಡಂ?" ಬಾಗಿಲ ಬಳಿಯ ಹೆಂಗಸು ನನ್ನನ್ನೇ ನೋಡಿ ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಟ್ಟರೆ ಓರಗಿತ್ತಿಯ ತಲೆಯ ಮೇಲೆ ಇನ್ನೊಂದು ಕಿರೀಟ. ಬಿಡದಿದ್ದರೆ ಈ ಹೆಂಗಸು ಮನೆಗೆ ಹೋಗಿ ಅದೇ ನೀರು ಸೇದುತ್ತಾಳೆ.

"ಕುಡೀಬೇಡಿ," ಎಂದೆ. "ಸೆಂಟು ಬಾಟಲಿ ಮುಚ್ಚಳ ಸಡಿಲ ಬಿಟ್ರೆ ಸೆಂಟು ಕಮ್ಮಿ ಆಗುತ್ತೆ, ಜಾಸ್ತಿ ಅಂತೂ ಆಗಲ್ಲ. ಈ ವಿಷಾನೂ ಅಷ್ಟೇ, ಬೆಚ್ಚಗಾದ್ರೆ ಹಾರಿಹೋಗುತ್ತೆ. ಹಾರಿ ಉಳಿದಿದ್ದೇ ಮಿತಿ ದಾಟಿದೆ ಅಂದ್ರೆ ಬಾವೀಲಿ ಇರೋದು ಇನ್ನೂ ಹೆಚ್ಚು. ಎಷ್ಟು ಹೆಚ್ಚು ಅಂತ ನನಗೆ ಗೊತ್ತಿಲ್ಲ. ಕಮ್ಮಿ ಇಲ್ಲ ಅಂತ ಸಹಿ ಹಾಕಿ ಕೊಡ್ತೀನಿ."

ಸೆಂಟಿನ ಕತೆಯೆಲ್ಲ ಕೇಳಲು ಚೆನ್ನ, ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದು ವಕೀಲರು ನಕ್ಕರು.

"ನಾನು ದಿನಾ ನೋಡ್ತಿದ್ದೀನಿ ಸರ್. ನಮ್ಮ ಬಚ್ಚಲುಮನೇಲಿ, ಯಾರೂ ಹಚ್ಚಿಕೊಳ್ಳದೇನೇ ಅರ್ಧ ಬಾಟಲಿ ಖಾಲಿಯಾಗಿದೆ."

ಓರಗಿತ್ತಿ ನಿಧಾನವಾಗಿ ತಲೆಯೆತ್ತಿದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಂಡಿದ್ದೆ.

ಸಂಜೆಯೊಳಗೆ ಬಾವಿಗೆ ಬೀಗ ಬಿತ್ತು, ಸಾಲುಮನೆಗಳಿಗೆ ಟ್ಯಾಂಕರು ಹೋಯಿತು. ಚಿಕ್ಕ ಸೊಸೆ ಊರನ್ನೇ ಉಳಿಸಿದಳೆಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತಳು. ಈಗ ಶುರು ಎಂದುಕೊಂಡು ನಾನೂ ಸೊಂಟ ಕಟ್ಟಿದೆ.

"ಅಕ್ಕಾ, ಬಾಟಲೀನೇ ಸರಿಯಿಲ್ಲ ಅಂದ್ಕೊಂಡು ಅಂಗಡಿಯವನ ಹತ್ರ ಜಗಳ ಆಡಿ ಬಂದಿದ್ದೆ," ಎಂದಳು. "ಪಾಪ, ಅವನು."

ಅಷ್ಟೇ. ತೊಳೆದ ಪಾತ್ರೆ ಒರೆಸಿಟ್ಟು ಹೋದಳು.

ಬೆಳಿಗ್ಗೆ ನನ್ನ ಕನ್ನಡಿಯ ಮುಂದೆ ಆ ಬಾಟಲಿ ಇತ್ತು, ಮುಚ್ಚಳ ಬಿಗಿಯಾಗಿ ಕೂತಿತ್ತು. ಅವಳು ಕೂಗಾಡಿ ರಂಪ ಮಾಡಿದ್ದರೆ ನನಗೆಷ್ಟು ಹಾಯೆನಿಸುತ್ತಿತ್ತು. ಇದರಲ್ಲೂ ಅವಳೇ ದೊಡ್ಡವಳಾದಳಲ್ಲ ಎಂದು ಹೊಟ್ಟೆ ಧಗಧಗ ಉರಿಯಿತು. ಬಾಟಲಿಯಲ್ಲಿ ಉಳಿದದ್ದು ಅರ್ಧವೇ. ಎರಡೂ ಕೈಗೆ, ಕತ್ತಿಗೆ ಧಾರಾಳವಾಗಿ ಹಚ್ಚಿಕೊಂಡು ಆಫೀಸಿಗೆ ಹೊರಟೆ.