ಬರಿಗೈ

"ಈ ಹೆಂಗಸಿನ ಗಂಡ ಸತ್ತುಹೋಗಿದಾನೇನಮ್ಮ?"

ನಿರುಪಮ್‌ದಾ ಕನ್ನಡಕವನ್ನು ಹಣೆಗೇರಿಸಿ ಕೇಳಿದರು. ಮೇಜಿನ ಮೇಲಿದ್ದ ಚಿತ್ರದಲ್ಲಿ ಒಬ್ಬ ತಾಯಿ ನೆಲದ ಮೇಲೆ ಕೂತು ಲುಚಿ, ಅಂದರೆ ಮೈದಾ ಪೂರಿ, ಲಟ್ಟಿಸುತ್ತಿದ್ದಳು. ಪಕ್ಕದಲ್ಲಿ ಅವಳ ಮಗ ಒಂದು ಉಂಡೆ ಹಿಟ್ಟು ಕದ್ದು ಹಡಗು ಮಾಡುತ್ತಿದ್ದ. ಬಿತಸ್ತಾ ಚಿತ್ರವನ್ನೊಮ್ಮೆ, ಸಂಪಾದಕರ ಮುಖವನ್ನೊಮ್ಮೆ ನೋಡಿದಳು. ಪ್ರಶ್ನೆ ತಲೆಗೆ ಹೋಗಲಿಲ್ಲ.

"ಇಲ್ವಲ್ಲ. ಹಡಗಲ್ಲಿ ಕೆಲಸ ಅವನಿಗೆ. ಕಡೇ ಪುಟದಲ್ಲಿ ದುರ್ಗಾಷ್ಟಮಿ ದಿವಸ ಮನೆಗೆ ಬರ್ತಾನೆ."

"ಕಥೆ ನಾನೂ ಓದಿದೀನಿ. ನಿನ್ನ ಚಿತ್ರ ಏನು ಹೇಳ್ತಿದೆ ನೋಡು ಅಂತಿದೀನಿ. ಕೈ ನೋಡು, ಕೈ."

ಅವಳು ಕೈ ನೋಡಿದಳು. ಇಡೀ ಚಿತ್ರದಲ್ಲಿ ಅವಳಿಗೆ ಹೆಮ್ಮೆ ಇದ್ದದ್ದೇ ಆ ಕೈಗಳ ಬಗ್ಗೆ. ಲಟ್ಟಣಿಗೆಯ ಮೇಲೆ ಬಿದ್ದ ಭಾರ, ಉಬ್ಬಿದ ನರ, ಸೂಜಿ ಚುಚ್ಚಿ ಚುಚ್ಚಿ ಒರಟಾದ ತೋರುಬೆರಳು, ಮಣಿಕಟ್ಟಿನ ದುಂಡು ಮೂಳೆ, ಎಲ್ಲವೂ ಅವಳು ಅಂದುಕೊಂಡ ಹಾಗೇ ಬಂದಿದ್ದವು.

"ಶಾಂಖಾ ಎಲ್ಲಿ? ಪೊಲಾ ಎಲ್ಲಿ?" ನಿರುಪಮ್‌ದಾ ಕೇಳಿದರು. "ಸೆರಗು ತಲೆ ಮೇಲಿದೆ, ಬೈತಲೆ ಕಾಣಲ್ಲ, ಸಿಂಧೂರದ ಮಾತು ಬಿಡು. ಆದ್ರೆ ಕೈಯಲ್ಲಿ ಶಂಖದ ಬಳೆ ಬೇಡ್ವಾ, ಪಕ್ಕದಲ್ಲಿ ಕೆಂಪು ಬಳೆ ಬೇಡ್ವಾ? ಈಗಿನವರು ಯಾರು ಹಾಕ್ತಾರೆ ಅನ್ಬೇಡ. ನನ್ನ ಸೊಸೇನೂ ಹಾಕಲ್ಲ. ಇದು ಐವತ್ತು ವರ್ಷದ ಹಿಂದಿನ ಕಥೆ. ಮೊದಲ ಪುಟದಲ್ಲೇ ಗಂಡ ಇಲ್ಲ ಅಂತ ಕೈ ಹೇಳಿಬಿಟ್ರೆ, ಕಡೇ ಪುಟದಲ್ಲಿ ಹೊಸ ಬಟ್ಟೆ ಹಿಡ್ಕೊಂಡು ಬಾಗಿಲು ತಟ್ಟೋನು ಯಾರು? ದೆವ್ವಾನಾ? ದೆವ್ವಕ್ಕೆ ನಮ್ಮ ದುರ್ಗಾಪೂಜೆ ಸಂಚಿಕೇಲಿ ಬೇರೆ ಪುಟ ಇದೆ. ಈ ವರ್ಷ ಅದು ತುಂಬಿಹೋಗಿದೆ."

ಹಿಂದಿನ ಮೇಜಿನಲ್ಲಿ ಪುಟ ಜೋಡಿಸುತ್ತಿದ್ದವನು ನಕ್ಕ. ನಿರುಪಮ್‌ದಾ ನಗಲಿಲ್ಲ. "ಲೇಖಕಿ ಬೆಳಿಗ್ಗೇನೇ ಫೋನ್ ಮಾಡಿದ್ರು. ನನ್ನ ಕಥೆಯ ಗಂಡನ್ನ ಕೊಂದೋರು ಯಾರು ನಿರುಪಮ್, ಅಷ್ಟು ಹೇಳು ಸಾಕು ಅಂದ್ರು. ನಾನೇನು ಹೇಳ್ಲಿ?"

ಬಿತಸ್ತಾ ಏನು ಹೇಳಬೇಕು? ಅವಳಿಗೆ ಮೂರು ತುಂಬುವ ಮೊದಲೇ ಅಪ್ಪ ತೀರಿಕೊಂಡಿದ್ದ. ಅಮ್ಮನ ಕೈ ಎಂದರೆ ಅವಳ ಕಣ್ಣಿಗೆ ಬರಿಗೈ. ಅದರಲ್ಲಿ ಏನೋ ಇಲ್ಲ ಎಂದು ಅವಳಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ. ಐದು ವರ್ಷ ಆರ್ಟ್ ಕಾಲೇಜಿನಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಬರೆಯುವುದನ್ನು ಕಲಿತಿದ್ದಳು. ಕಂಡ ಹಾಗೆಯೇ ಬರೆದಿದ್ದಳು.

"ಮರೆತೆ," ಎಂದಳು.

ಅಲ್ಲೇ ಒಂದು ಮೂಲೆಯಲ್ಲಿ ಕೂತು ಮಣಿಕಟ್ಟಿನ ಸುತ್ತ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ನೋಡಿದಳು. ಅಳಿಸಿ ಮತ್ತೆ ಎಳೆದಳು. ಬಳೆ ಎಲ್ಲಿ ನಿಲ್ಲುತ್ತದೆ, ಕೈ ಬಾಗಿದಾಗ ಎತ್ತ ಜಾರುತ್ತದೆ, ಅದರ ನೆರಳು ಎಲ್ಲಿ ಬೀಳುತ್ತದೆ, ಒಂದೂ ಗೊತ್ತಾಗಲಿಲ್ಲ. ನಿರುಪಮ್‌ದಾ ಬಂದು ಬಗ್ಗಿ ನೋಡಿ ನಿಟ್ಟುಸಿರಿಟ್ಟರು.

"ಕೈಗೆ ದಾರ ಕಟ್ಟಿದ ಹಾಗಿದೆ. ಮನೆಗೆ ಹೋಗಿ ನಿಮ್ಮಮ್ಮನ ಕೈ ನೋಡ್ಕೊಂಡು ಬರಿ. ದಿನಾ ಕಣ್ಣೆದುರಿಗೇ ಇರುತ್ತಲ್ಲ." ಆಮೇಲೆ ದನಿ ತಗ್ಗಿಸಿದರು. "ನಾಳೆ ಮಧ್ಯಾಹ್ನ ಪುಟ ಪ್ರೆಸ್ಸಿಗೆ ಹೋಗುತ್ತೆ. ಅಷ್ಟರಲ್ಲಿ ಬರಲಿಲ್ಲ ಅಂದ್ರೆ ನನ್ನ ಕೈ ಕಟ್ಟಿದೆ, ಬುಡಿ. ಮಾಲೀಕರ ಮಗ ಆಗಲೇ ಹೇಳ್ತಿದಾನೆ, ಕಂಪ್ಯೂಟರಿಗೆ ಹೇಳಿದ್ರೆ ಒಂದು ಗಳಿಗೇಲಿ ಹತ್ತು ಅಮ್ಮಂದಿರನ್ನ ಬರೆದುಕೊಡುತ್ತೆ, ಎಲ್ಲರ ಕೈಯಲ್ಲೂ ಬಳೆ ಇರುತ್ತೆ ಅಂತ."

ಬುಡಿ ಮನೆಯಲ್ಲಿ ಅವಳನ್ನು ಕರೆಯುವ ಹೆಸರು, ಪತ್ರಿಕೆಯವರೂ ಅದನ್ನೇ ಹಿಡಿದುಕೊಂಡಿದ್ದರು. ಬುಡಿ ಎಂದರೆ ಮುದುಕಿ. ಇಪ್ಪತ್ತಮೂರರ ಹುಡುಗಿ ಆ ಹೊತ್ತಿಗೆ ನಿಜವಾಗಿಯೂ ಹಾಗೇ ಕಾಣುತ್ತಿದ್ದಳು. ಪದವಿ ಬಂದು ವರ್ಷವಾಗಿತ್ತು. ಆ ವರ್ಷವೆಲ್ಲ ಚಿತ್ರಗಳ ಚೀಲ ಹೆಗಲಿಗೇರಿಸಿ ಕಾಲೇಜು ಬೀದಿಯ ಪ್ರಕಾಶಕರ ಮೆಟ್ಟಿಲು ಹತ್ತಿ ಇಳಿದಿದ್ದಳು. ಒಬ್ಬರು ಚೆನ್ನಾಗಿದೆ ಎಂದು ಚಹಾ ಕೊಟ್ಟು ಕಳಿಸಿದರು, ಇನ್ನೊಬ್ಬರು ಚೆನ್ನಾಗಿದೆ ಎಂದು ಚಹಾ ಕೊಡದೆ ಕಳಿಸಿದರು. ಮದುವೆ ಕಾಗದಕ್ಕೆ ಚಿಟ್ಟೆ ಬರೆದಳು, ಕೋಚಿಂಗ್ ಸೆಂಟರಿನ ಗೋಡೆಗೆ ಕಪ್ಪೆಯ ಹೊಟ್ಟೆ ಬರೆದಳು. ಈಗ ಮೊದಲ ಸಲ ಒಂದು ಪೂಜಾ ಸಂಚಿಕೆಯಲ್ಲಿ, ಒಂದು ನಿಜವಾದ ಕಥೆಯ ಕೆಳಗೆ, ಚಿತ್ರ ಬರೆದವರು ಎಂದು ಅವಳ ಹೆಸರು ಬರುವುದರಲ್ಲಿತ್ತು. ಅಮ್ಮ ಇದನ್ನು ಇಡೀ ಓಣಿಗೆ ಹೇಳಿ ಮುಗಿಸಿದ್ದಳು.

ಹಾತಿಬಾಗಾನಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಬಳೆ ಸಿಗುತ್ತದೆ. ನೋಡಲು ಶಂಖದ ಹಾಗೇ ಇರುತ್ತದೆ, ಪಾತ್ರೆ ತಿಕ್ಕಿದರೂ ಒಡೆಯುವುದಿಲ್ಲ. ಬಿತಸ್ತಾ ತನ್ನ ಕೈಗೇ ಹಾಕಿಕೊಂಡು ಕನ್ನಡಿ ನೋಡಿ ಬರೆದರಾಯಿತು ಎಂದುಕೊಂಡು ಅಲ್ಲಿಗೆ ಹೋದಳು.

"ಕೈ ಕೊಡು ನೋಡೋಣ," ಅಂಗಡಿಯವನು ಅಳತೆ ನೋಡಿದ. "ಯಾವಾಗ ಮದುವೆ?"

"ಮದುವೆ ಇಲ್ಲ. ಚಿತ್ರಕ್ಕೆ."

"ಸಿನಿಮಾನಾ?"

"ಬರೆಯೋ ಚಿತ್ರ."

"ಹಂಗಾದ್ರೆ ಚಿತ್ರದಲ್ಲೇ ಬರ್ಕೋಬಹುದಿತ್ತಲ್ಲ, ಕೊಳ್ಳೋದ್ಯಾಕೆ?" ಎಂದು ಆತ ನಕ್ಕು, ಎರಡು ಬಿಳಿ, ಎರಡು ಕೆಂಪು ಬಳೆಗಳನ್ನು ಕಾಗದದಲ್ಲಿ ಸುತ್ತಿಕೊಟ್ಟ.

ದಮ್‌ದಮ್‌ನ ಅವರ ಮನೆ ತಾತನ ಕಾಲದ್ದು. ಮೇಲಿನ ಮಹಡಿ ದೊಡ್ಡಪ್ಪನದು, ಕೆಳಗಿನ ಒಂದು ಕೋಣೆ ಮತ್ತು ಅಡುಗೆಮನೆ ಇವರದು. ಬಿತಸ್ತಾ ಬಂದಾಗ ಅಮ್ಮ ಇರಲಿಲ್ಲ, ಸೀರೆಗೆ ಫಾಲ್ ಹೊಲಿದು ಅಂಗಡಿಗೆ ಕೊಡಲು ಹೋಗಿದ್ದಳು. ಮಗಳು ಅವಸರದಲ್ಲಿ ಬಳೆ ಏರಿಸಿ ಕನ್ನಡಿಯ ಮುಂದೆ ಲಟ್ಟಣಿಗೆ ಹಿಡಿದು ಕೂತಳು. ಚಿತ್ರದ ಕೈ ಒಂದು ಜಾತಿ, ಕನ್ನಡಿಯ ಕೈ ಇನ್ನೊಂದು ಜಾತಿ. ಹೊಂದಿಸಲು ಹೆಣಗುತ್ತಿದ್ದಾಗ ಬೆನ್ನ ಹಿಂದೆ ಸೀರೆಗಳ ಗಂಟು ಮೆಲ್ಲಗೆ ಮಂಚದ ಮೇಲೆ ಇಳಿಯಿತು.

"ಯಾವಾಗ ಆಯ್ತು?" ಎಂದಳು ಅಮ್ಮ ಮಿನತಿ.

"ಏನು?"

"ರಿಜಿಸ್ಟ್ರಿ ಮದುವೆ."

ಬಿತಸ್ತಾ ತನ್ನ ಕೈ ನೋಡಿಕೊಂಡಳು. ನಗು ಬಂತು, ಆದರೆ ಅಮ್ಮನ ಮುಖ ನೋಡಿ ತಡೆದುಕೊಂಡಳು.

"ಹುಡುಗ ಯಾರು? ಆ ಗಡ್ಡದವನಾ, ನಿಮ್ಮ ಕಾಲೇಜಲ್ಲಿ ಮಣ್ಣಿನ ಆನೆ ಮಾಡ್ತಿದ್ದೋನು?" ಮಿನತಿ ಕೇಳುತ್ತ ಹೋದಳು. "ಕರೀಬೇಕಿತ್ತು ಅಂತ ನಾನು ಹೇಳಲ್ಲ. ಕರೆದಿದ್ರೂ ಶುಭಕಾರ್ಯದಲ್ಲಿ ನಾನು ಮುಂದೆ ನಿಲ್ಲೋಳಲ್ಲ. ಹಿಂದಿನ ದಿನ ಒಂದು ಮಾತು ಹೇಳಬಹುದಿತ್ತು ಬುಡಿ. ಒಂದು ಪಾಯಸನಾದ್ರೂ ಮಾಡಿ ಇಟ್ಟಿರ್ತಿದ್ದೆ."

"ಮಾ, ಯಾವ ಮದುವೇನೂ ಆಗಿಲ್ಲ. ಇದು ಪ್ಲಾಸ್ಟಿಕ್. ಚಿತ್ರಕ್ಕೆ ಬೇಕಿತ್ತು."

"ಆ ಚಿತ್ರ ಕೊಟ್ಟು ಬಂದೆಯಲ್ಲ?"

"ವಾಪಸ್ ಕೊಟ್ರು. ಸ್ವಲ್ಪ ತಿದ್ದಬೇಕು."

"ಏನು ತಿದ್ದೋದು? ಅಷ್ಟು ಚೆನ್ನಾಗಿತ್ತಲ್ಲ." ಮಿನತಿ ಚಿತ್ರವನ್ನು ಎತ್ತಿಕೊಂಡಳು. ಅದನ್ನು ಬರೆಯುವಾಗ ಎರಡು ಸಂಜೆ ಇದೇ ನೆಲದ ಮೇಲೆ ಕೂತು ಲಟ್ಟಿಸಿದವಳು ಅವಳು. ಸೊಂಟ ನೋಯುತ್ತದೆ ಎಂದು ಗೊಣಗಿದ್ದಳು, ಬೆರಳು ಸ್ವಲ್ಪ ತೆಳ್ಳಗೆ ಬರಿಯೇ ಎಂದು ನಾಚಿಕೊಂಡಿದ್ದಳು, ಮಾರನೆಯ ದಿನ ಮಹಡಿ ಹತ್ತಿ ಹೋಗಿ ದೊಡ್ಡಮ್ಮನಿಗೆ, ಈ ಸಲದ ಪೂಜೆಗೆ ನನ್ನ ಕೈ ಪುಸ್ತಕದಲ್ಲಿ ಬರುತ್ತೆ ಎಂದು ಹೇಳಿ ಬಂದಿದ್ದಳು.

ಮಣಿಕಟ್ಟಿನ ಬಳಿ ಪೆನ್ಸಿಲ್ ಗೆರೆ ಅಳಿಸಿದ ಮಸಿ ಹಾಗೇ ಇತ್ತು. ಮಿನತಿ ಅದನ್ನು ನೋಡಿದಳು, ಮಗಳ ಕೈಯ ಬಳೆಗಳನ್ನು ನೋಡಿದಳು. ಬಿತಸ್ತಾಗೆ ಅವಳ ಕೈಯಿಂದ ಚಿತ್ರ ಕಿತ್ತುಕೊಳ್ಳಬೇಕೆನಿಸಿತು. ಹೇಳಲು ಒಂದು ಸುಳ್ಳಾದರೂ ಹೊಳೆಯಬಾರದೇ ಎಂದು ಹುಡುಕಿದಳು.

"ಓ," ಎಂದಳು ಮಿನತಿ. ಚಿತ್ರವನ್ನು ಮಂಚದ ಮೇಲಿಟ್ಟು ಅಡುಗೆಮನೆಗೆ ಹೋದಳು.

ಅಲ್ಲಿ ಡಬ್ಬಿಯ ಸದ್ದು, ನೀರಿನ ಸದ್ದು. ಅಳುತ್ತಿದ್ದಾಳೋ ಏನೋ ಎಂದು ಬಿತಸ್ತಾ ಎದ್ದು ಬಾಗಿಲ ತನಕ ಹೋಗಿ, ಒಳಗೆ ಹೋಗುವ ಧೈರ್ಯವಾಗದೆ ನಿಂತಳು. ಮಿನತಿ ಅಳುತ್ತಿರಲಿಲ್ಲ. ಮೈದಾ ಕಲಸಿದ ಬೋಗುಣಿ, ಮಣೆ, ಹಿಟ್ಟಿನ ಡಬ್ಬಿ ಎಲ್ಲ ತಂದು ನೆಲದ ಮೇಲಿಟ್ಟಳು. ಮೆಟ್ಟಿಲ ಕಡೆಯ ಕಿಟಕಿ ಮುಚ್ಚಿದಳು, ಬಾಗಿಲಿಗೆ ಚಿಲಕ ಹಾಕಿದಳು.

"ಬಳೆ ತೆಗೆದುಕೊಡು."

"ಬೇಡ ಮಾ. ನಾನು ಹೇಗೋ ಬರೀತೀನಿ."

"ಹೇಗೆ ಬರೀತೀಯ? ನಿನ್ನದು ಬಿದಿರು ಕಡ್ಡಿ. ಅದು ಒಂದು ಹುಡುಗನ ತಾಯಿ ಕೈ ಅಂತ ಯಾರು ನಂಬ್ತಾರೆ? ಕೊಡು, ಹೊತ್ತಾಗುತ್ತೆ."

"ಮಹಡಿಯಿಂದ ಜೇಠಿಮಾ ಬಂದ್ರೆ?"

"ಅದಕ್ಕೇ ಬೇಗ ಅಂದದ್ದು."

ಬಳೆಗಳು ಮಗಳ ಅಳತೆಯವು. ಮಿನತಿ ಅಡುಗೆಮನೆಯಲ್ಲಿ ಉಳಿದಿದ್ದ ಸೋಪಿನ ಚೂರನ್ನು ಕೈಗೆ ಹಚ್ಚಿ ಮುಗಿಸಿ, ಹಲ್ಲು ಕಚ್ಚಿ, ಒಂದೊಂದಾಗಿ ಏರಿಸಿದಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳು ಯೋಚಿಸಲಿಲ್ಲ, ಕೈಗೇ ಗೊತ್ತಿತ್ತು. ಕೈ ತೊಳೆದು ಒರೆಸಿಕೊಂಡು ಮಣೆಯ ಮುಂದೆ ಕೂತಳು. ಒಂದು ಉಂಡೆ ಇಟ್ಟು, ಲಟ್ಟಣಿಗೆ ಹಿಡಿಯುವ ಮುನ್ನ ಮೊಣಕೈಯನ್ನು ಒಮ್ಮೆ ಹಿಂದಕ್ಕೆ ಜಗ್ಗಿ, ಎರಡೂ ಕೈಗಳನ್ನು ಸಣ್ಣಗೆ ಕೊಡವಿದಳು. ಬಳೆಗಳು ಮಣಿಕಟ್ಟು ಬಿಟ್ಟು ಮೇಲೆ ಸರಿದು ನಿಂತವು.

ಬಿತಸ್ತಾಳ ಪೆನ್ಸಿಲ್ ನಿಂತುಹೋಯಿತು. ಈ ಕೊಡವುವಿಕೆಯನ್ನು ಅವಳು ಬುದ್ಧಿ ಬಂದಾಗಿನಿಂದ ಕಂಡಿದ್ದಳು. ಅಮ್ಮ ಹಿಟ್ಟು ಮುಟ್ಟುವ ಮೊದಲು, ಬಟ್ಟೆ ಹಿಂಡುವ ಮೊದಲು, ಹೊಲಿಗೆ ಮಷೀನಿನ ಚಕ್ರ ತಿರುಗಿಸುವ ಮೊದಲು ಹೀಗೇ ಮಾಡುತ್ತಿದ್ದಳು. ಅದೊಂದು ಚಟ ಎಂದುಕೊಂಡಿದ್ದಳು, ಚಿಕ್ಕವಳಿದ್ದಾಗ ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೂ ಇತ್ತು. ಇಪ್ಪತ್ತು ವರ್ಷದಿಂದ ಅಮ್ಮ ಕೈಯಲ್ಲಿಲ್ಲದ ಬಳೆಗಳನ್ನು ಹಿಂದಕ್ಕೆ ಸರಿಸುತ್ತಲೇ ಇದ್ದಳು.

"ಬರಿ," ಎಂದಳು ಮಿನತಿ, ತಲೆ ಎತ್ತದೆ.

ಅವಳು ಬರೆದಳು. ಇಷ್ಟು ಸುಲಭವಾಗಿ ಅವಳ ಕೈ ಎಂದೂ ಓಡಿರಲಿಲ್ಲ, ಅದಕ್ಕೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬಿಳಿ ಬಳೆಯ ಅಂಚಿನ ಬೆಳಕು, ಕೆಂಪಿನ ಕೆಳಗಿನ ನೆರಳು, ಎರಡರ ನಡುವೆ ಉಬ್ಬಿದ ಮಾಂಸ, ಎಲ್ಲ ತಾವಾಗಿಯೇ ಕಾಗದಕ್ಕೆ ಇಳಿದವು. ಬಣ್ಣ ತುಂಬಿದಳು. ಚಿತ್ರದ ಹೆಂಗಸಿನ ಗಂಡನಿಗೆ ಜೀವ ಬಂತು.

"ಮುಗೀತಾ?"

"ಮುಗೀತು."

"ತೋರಿಸು." ಮಿನತಿ ಕತ್ತು ಚಾಚಿ ನೋಡಿದಳು. "ಹೀಗೇ ಇತ್ತು," ಎಂದಳು.

ಬಾಗಿಲು ಬಡಿದ ಸದ್ದಾಯಿತು.

"ಮಿನತಿ, ಹಗಲುಹೊತ್ತಲ್ಲಿ ಚಿಲಕ ಯಾಕೆ? ನನ್ನ ತಾಂತ್ ಸೀರೆಗೆ ಫಾಲ್ ಆಯ್ತಾ?" ಜೇಠಿಮಾ. ಮಹಡಿಯ ದೊಡ್ಡಮ್ಮ ಕೆಟ್ಟವಳೇನಲ್ಲ. ಏಕಾದಶಿಯಂದು ಹಣ್ಣು ಕಳಿಸುತ್ತಾಳೆ. ಆದರೆ ಇದನ್ನು ನೋಡಿದರೆ ಅವಳು ಕೂಗಾಡುವುದಿಲ್ಲ, ಅಳುತ್ತಾಳೆ, ಆಮೇಲೆ ತಿಂಗಳುಗಟ್ಟಲೆ ಸತ್ತ ಮೈದುನನ ಹೆಸರು ಹಿಡಿದು ಅಳುತ್ತಲೇ ಇರುತ್ತಾಳೆ.

ಮಿನತಿ ಬಳೆ ಎಳೆದಳು. ಬರಲಿಲ್ಲ. ಇನ್ನೊಂದು ಸೋಪು ಬಚ್ಚಲಲ್ಲಿತ್ತು, ಬಚ್ಚಲು ಹೊರಗಿನ ಪಡಸಾಲೆಯ ಕೊನೆಯಲ್ಲಿ. ಬಾಗಿಲು ಮತ್ತೆ ಬಡಿಯಿತು. ಮಿನತಿ ಒಮ್ಮೆ ಮಗಳನ್ನು ನೋಡಿ, ಡಬ್ಬಿಯಲ್ಲಿದ್ದ ಮೈದಾವನ್ನೆಲ್ಲ ಬೋಗುಣಿಗೆ ಸುರಿದು, ಎರಡೂ ಕೈಗಳನ್ನು ಅದರೊಳಗೆ ಹೂತಳು.

"ತೆಗಿ," ಎಂದಳು.

ಜೇಠಿಮಾ ಒಳಗೆ ಬಂದವಳೇ ಬೋಗುಣಿ ನೋಡಿದಳು. "ಇಷ್ಟೊಂದು ಹಿಟ್ಟು? ಯಾರ ಮನೆ ದಿಬ್ಬಣ ಬರ್ತಿದೆಯೇ?"

"ಬುಡಿಗೆ ಲುಚಿ ತಿನ್ನೋ ಆಸೆಯಾಯ್ತಂತೆ ದಿದಿ. ಡಬ್ಬಿ ಕೈಜಾರಿತು."

"ಮಗಳ ಹೆಸರು ಪುಸ್ತಕದಲ್ಲಿ ಬರೋದಿದೆ, ಇನ್ನು ನಿನ್ನ ಕೈಲಿ ಡಬ್ಬಿ ನಿಲ್ಲುತ್ಯೆ?" ಎಂದು ಜೇಠಿಮಾ ನಕ್ಕು, ಮಂಚಕ್ಕೆ ಒರಗಿಸಿದ್ದ ಚಿತ್ರವನ್ನು ಕಂಡು ಬಗ್ಗಿದಳು. ಬಿತಸ್ತಾ ಅಡ್ಡ ಬರಲು ಒಂದು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ತಡವಾಗಿತ್ತು. "ಇದೇನಾ? ಎಷ್ಟು ಲಕ್ಷಣವಾಗಿದೆ. ನಿನ್ನ ಕೈ ಅಂದಿದ್ದೆಯಲ್ಲ ಮಿನತಿ, ಆ ಚಿತ್ರವಾ ಇದು?"

ಬಿತಸ್ತಾ ಬಾಯಿ ತೆರೆದಳು. ಹೌದು ಜೇಠಿಮಾ, ನನ್ನಮ್ಮನ ಕೈ ಎಂದು ಹೇಳಬೇಕಿತ್ತು. ಅಮ್ಮ ಅವಳ ಕಡೆ ನೋಡಲೇ ಇಲ್ಲ.

"ಅಲ್ಲ ದಿದಿ," ಎಂದಳು ಮಿನತಿ. "ಅದನ್ನ ಅವರು ಬೇಡ ಅಂದ್ರಂತೆ. ಇದು ಬೇರೆ ಯಾರದ್ದೋ."

"ಯಾರ ಮನೆ ಲಕ್ಷ್ಮಿಯೋ, ಚೆನ್ನಾಗಿರಲಿ," ಎಂದಳು ಜೇಠಿಮಾ. ಚಿತ್ರದ ಹೆಂಗಸಿಗೆ ದೃಷ್ಟಿಯಾಗದಿರಲಿ ಎಂಬಂತೆ ಬೆರಳು ಮಡಿಸಿ ತುಟಿಗೆ ತಾಗಿಸಿಕೊಂಡಳು. ಮಂಚದ ಮೇಲಿದ್ದ ತನ್ನ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಹೋದಳು.

ಬಿತಸ್ತಾ ಚಿಲಕ ಹಾಕಿದಳು. ಪಡಸಾಲೆಗೆ ಹೋಗಿ ಸೋಪು ತರಬೇಕಿತ್ತು, ಹೋಗಲಿಲ್ಲ. ಅಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಹೋದ್ರು ಮಾ. ಕೈ ತೆಗಿ."

ಮಿನತಿ ತೆಗೆಯಲಿಲ್ಲ. ನೀರು ಕಾಣದ ಒಣ ಹಿಟ್ಟನ್ನು, ಕಣ್ಣು ಮುಚ್ಚಿಕೊಂಡು, ಮೆಲ್ಲಗೆ ನಾದುತ್ತಿದ್ದಳು. ಹಿಟ್ಟಿನ ಒಳಗೆ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು.