ನೀಲಗಂಗವ್ವ ಕೂತ ಕುರ್ಚಿ

ನಾನು ಒಂದು ಒರಗು ಕುರ್ಚಿ. ಬೆಳಗಾವಿಯ ಒಂದು ಶೆಡ್ಡಿನಲ್ಲಿ, ವೆಲ್ಡಿಂಗಿನ ಕಿಡಿಗಳ ನಡುವೆ ಹುಟ್ಟಿದೆ. ಕಬ್ಬಿಣದ ಕೊಳವೆಗಳನ್ನು ಬಗ್ಗಿಸಿ ನನಗೆ ಕೈಕಾಲು ಮಾಡಿದರು. ಸ್ಪಂಜು ಹಾಸಿ ಮೇಲೆ ಹಸಿರು ರೆಕ್ಸಿನ್ ಹೊದಿಸಿದರು. ಹಿಡಿಕೆ ಎಳೆದರೆ ನನ್ನ ಬೆನ್ನು ಹಿಂದಕ್ಕೆ ಬಾಗುತ್ತಿತ್ತು. ನನಗಿದ್ದ ವಿದ್ಯೆ ಅದೊಂದೇ.

ಮೊದಲು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ರಕ್ತದಾನದ ಕೋಣೆಗೆ ಬಂದೆ. ಕಾಲೇಜಿನವರು ನಗುತ್ತ ಕೂತು, ರಕ್ತ ಕೊಟ್ಟು, ಬಿಸ್ಕತ್ತು ತಿಂದು ಹೋಗುತ್ತಿದ್ದರು. ಸುಖದ ದಿನಗಳವು. ಆಮೇಲೆ ನನ್ನನ್ನು ಮೇಲಿನ ಮಹಡಿಯ ಕ್ಯಾನ್ಸರ್ ವಿಭಾಗಕ್ಕೆ ಸಾಗಿಸಿದರು. ಅಲ್ಲಿ ಹೊಸ ಔಷಧವೊಂದರ ಮೊದಲ ಹಂತದ ಪರೀಕ್ಷೆ ಶುರುವಾಗಿತ್ತು. ಗಡ್ಡೆಯ ಮೇಲಿನ ಒಂದು ಗುರುತನ್ನು ಹುಡುಕಿ ಹಿಡಿದು, ಮೈಯೊಳಗಿನ ರಕ್ಷಕ ರಕ್ತಕಣಗಳನ್ನೇ ಅದರ ಮೇಲೆ ಎತ್ತಿಕಟ್ಟುವ ಔಷಧ. ಇಲಿಗಳಲ್ಲಿ ಗೆದ್ದಿತ್ತು. ಮನುಷ್ಯರಲ್ಲಿ ಏನು ಮಾಡುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಆ ಔಷಧಕ್ಕಾಗಿ ನನ್ನ ಮೇಲೆ ಮೊದಲು ಕೂತವರು ನೀಲಗಂಗವ್ವ. ಗದಗಿನಲ್ಲಿ ಖಾನಾವಳಿ ನಡೆಸಿದವರು. ಜಠರದಲ್ಲಿ ಗಡ್ಡೆ, ಬೇರೆ ಔಷಧಗಳೆಲ್ಲ ಸೋತಿದ್ದವು. ನೂರಾರು ಮಂದಿಗೆ ರೊಟ್ಟಿ ಬಡಿದ ಕೈಗಳು ಒಣಗಿದ ಕಡ್ಡಿಗಳಂತೆ ನನ್ನ ತೋಳಿನ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ಗಂಡ ಮಲ್ಲೇಶಪ್ಪ ನಿಂತಿದ್ದರು.

“ಅವ್ವಾರ, ಇನ್ನೊಮ್ಮೆ ಖರೇ ಹೇಳ್ತೀನಿ,” ಎಂದರು ಡಾಕ್ಟರ್ ಸಬಿಹಾ. “ಮೊದಲ ಮಂದಿಗೆ ಭಾಳ ಕಡಿಮಿ ಕೊಡ್ತೀವಿ. ಮೈ ಈ ಔಷಧಾ ತಡಕೋತೈತೋ ಇಲ್ಲೋ ನೋಡಾಕ. ನಿಮಗ ಇದರಿಂದ ಉಪಯೋಗ ಆಗ್ಲಿಕ್ಕಿಲ್ಲ.”

“ಹಂಗಾರ ಯಾಕ ಚುಚ್ಚಿಸ್ಕೋಬೇಕ್ರೀ?” ಎಂದರು ಮಲ್ಲೇಶಪ್ಪ.

“ಯಾರರ ಮೊದಲ ಕೂಡಬೇಕಲ್ಲ,” ಎಂದರು ನೀಲಗಂಗವ್ವ. ಆಮೇಲೆ ಡಾಕ್ಟರ ಕಡೆ ತಿರುಗಿ ಮೆಲ್ಲಗೆ, “ಬಾಯಾರ, ಹಸಿವಾದ್ರೂ ಆಗ್ತೈತೇನ್ರೀ?”

ಡಾಕ್ಟರ್ ಹುಸಿ ಭರವಸೆ ಕೊಡಲಿಲ್ಲ. “ಗೊತ್ತಿಲ್ಲವ್ವಾ,” ಎಂದರು. ಆದರೂ ನೀಲಗಂಗವ್ವ ತೋಳು ಚಾಚಿದರು.

ಎರಡನೆಯ ಸಲ ಬಂದಾಗ ನೀಲಗಂಗವ್ವನ ಮುಖ ಅರಳಿತ್ತು. “ಒಂದ್ ಮುರಕಾ ರೊಟ್ಟಿ ತಿಂದೆ! ಪುಂಡಿಪಲ್ಯ ಹಚ್ಕೊಂಡು. ಹೊಟ್ಟ್ಯಾಗ ನಿಂತೈತಿ,” ಎಂದು ಕೂಡುವ ಮೊದಲೇ ಹೇಳಿದರು. ಮಲ್ಲೇಶಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅವತ್ತು ಔಷಧದ ಪ್ರಮಾಣವನ್ನು ತುಸು ಏರಿಸಿದರು. ಬಾಟಲಿ ಅರ್ಧ ಇಳಿದಿರಬಹುದು, ಆಕೆಯ ಬೆನ್ನು ಕಾದ ಹಂಚಿನಂತೆ ಸುಡತೊಡಗಿತು. ಹಿಂದೆಯೇ ನಡುಕ. ನನ್ನ ಕಬ್ಬಿಣದ ಕಾಲುಗಳು ನೆಲದ ಮೇಲೆ ಗಡಗಡ ಸದ್ದು ಮಾಡಿದವು. ಎತ್ತಿಕಟ್ಟಿದ ಕಣಗಳು ಎಲ್ಲೆ ಮೀರಿ ಆಕೆಯ ಮೈಯನ್ನೇ ಸುಡುತ್ತಿದ್ದವು. ಡಾಕ್ಟರ್ ಓಡಿಬಂದು ಔಷಧ ನಿಲ್ಲಿಸಿದರು. ಆಕೆಯನ್ನು ನನ್ನಿಂದ ಎತ್ತಿ ತುರ್ತು ಘಟಕಕ್ಕೆ ಒಯ್ದರು.

ಜೀವ ಉಳಿಯಿತು. ಕೆಲವು ವಾರಗಳ ಮೇಲೆ ನೀಲಗಂಗವ್ವ ಗೋಡೆ ಹಿಡಿದುಕೊಂಡು ಬಂದು, ಯಾರೂ ಹೇಳದೆಯೇ ನನ್ನ ಮೇಲೆ ಕೂತು ತೋಳು ಚಾಚಿದರು.

“ಸ್ಕ್ಯಾನಿನ್ಯಾಗ ಗಡ್ಡಿ ಸಣ್ಣದಾಗೇತಿ ಅಂದ್ರಲ್ಲ. ಹಾಕ್ರಿ ಬಾಯಾರ.”

“ಸ್ವಲ್ಪ ಸಣ್ಣದಾಗೇತಿ, ಖರೆ. ಆದರ ಮತ್ತ ಕೊಟ್ರ ನಿಮ್ಮ ಜೀವಕ್ಕ ಅಪಾಯ. ನಾ ಕೊಡಂಗಿಲ್ಲವ್ವಾ.”

“ಹೆಂಗೂ ಹೋಗೋ ಜೀವಾನ ಐತಿ. ನನ್ನ ಕೈಯಾರ ಸಹಿ ಮಾಡಿಕೊಡ್ತೀನಿ.”

ಡಾಕ್ಟರ್ ಇಲ್ಲವೆಂದು ತಲೆ ಅಲ್ಲಾಡಿಸಿದರು. ಚಾಚಿದ ತೋಳು ಬಹಳ ಹೊತ್ತು ಹಾಗೇ ಇತ್ತು. ಕೊನೆಗೆ ಮಲ್ಲೇಶಪ್ಪನವರೇ ಅದನ್ನು ಮಡಚಿ, ಸೆರಗು ಹೊದಿಸಿ, ಆಕೆಯನ್ನು ಎಬ್ಬಿಸಿದರು. ಮಳೆಗಾಲ ಮುಗಿಯುವ ಮೊದಲೇ ಆಕೆ ತೀರಿಕೊಂಡರೆಂದು ನರ್ಸುಗಳು ಮಾತಾಡಿಕೊಂಡದ್ದು ಕೇಳಿಸಿತು.

ಪರೀಕ್ಷೆ ಕೆಲಕಾಲ ನಿಂತು ಮತ್ತೆ ಶುರುವಾಯಿತು. ಈಗ ಮೊದಲೇ ಜ್ವರ ತಡೆಯುವ ಮದ್ದು ಕೊಟ್ಟು, ಔಷಧವನ್ನು ತೀರಾ ನಿಧಾನವಾಗಿ ಇಳಿಸುತ್ತಿದ್ದರು, ಪ್ರಮಾಣವನ್ನು ಇಷ್ಟಿಷ್ಟೇ ಏರಿಸುತ್ತಿದ್ದರು. ಹಲವರಿಗೆ ಏನೂ ಪ್ರಯೋಜನವಾಗಲಿಲ್ಲ. ಒಬ್ಬ ಮೇಷ್ಟರ ಗಡ್ಡೆ ಮಾತ್ರ ತಿಂಗಳಿಂದ ತಿಂಗಳಿಗೆ ಕರಗಿತು. ಅಷ್ಟರಲ್ಲಿ ನನ್ನ ರೆಕ್ಸಿನ್ ಹರಿದು, ಹಿಡಿಕೆ ಕಚ್ಚಿಕೊಂಡಿತ್ತು. ನನ್ನನ್ನು ಮೆಟ್ಟಿಲ ಕೆಳಗೆ ತಂದಿಟ್ಟರು.

ಒಂದು ಮಧ್ಯಾಹ್ನ ಮಲ್ಲೇಶಪ್ಪ ಡಾಕ್ಟರನ್ನು ಹುಡುಕಿಕೊಂಡು ಆ ದಾರಿಯಲ್ಲಿ ಬಂದರು. ಆಯಾಸಕ್ಕೆ ನನ್ನ ಮೇಲೆ ಕುಸಿದರು. ಯಾವ ಕುರ್ಚಿಯೆಂದು ನೋಡಲೇ ಇಲ್ಲ. ಮೆಟ್ಟಿಲಿಳಿಯುತ್ತಿದ್ದ ಡಾಕ್ಟರ್ ಸಬಿಹಾ ಗುರುತು ಹಿಡಿದು ನಿಂತರು.

“ಆ ಔಷಧದಿಂದ ಒಬ್ಬರಿಗೆ ಆರಾಮಾಗೇತಂತ? ಕೇಳಿದೆ,” ಎಂದರು ಮಲ್ಲೇಶಪ್ಪ.

“ಹೌದ್ರಿ, ಸದ್ಯ ಆರಾಮ ಅದಾರ.”

“ಅವರಿಗೆ ಕೊಟ್ಟಂಗ ನಮ್ಮಾಕಿಗೂ ಸಾವಕಾಶ ಕೊಟ್ಟಿದ್ರ...”

ಡಾಕ್ಟರ್ ಇನ್ನೆರಡು ಮೆಟ್ಟಿಲಿಳಿದು ಬಂದರು. “ಅವ್ವಾರಿಗೆ ಹಂಗಾದ ಮ್ಯಾಲೇ ನಾವು ಸಾವಕಾಶ ಕೊಡೋದು ಕಲ್ತ್ವಿ.”

“ಮಂದಿಗೆ ಚಲೋ ಆತಂತ ಖುಷಿ ಪಡಬೇಕು. ಪಡಾಕ ಆಗವಲ್ದರೀ ಬಾಯಾರ.”

“ಪಡಬ್ಯಾಡ್ರಿ,” ಎಂದರು ಡಾಕ್ಟರ್. ಕೊನೆಯ ಮೆಟ್ಟಿಲ ಮೇಲೆ, ಧೂಳಿನಲ್ಲೇ, ಅವರ ಪಕ್ಕ ಕೂತರು.

ಮೇಲೆ ಯಾರೋ ಡಾಕ್ಟರನ್ನು ಕೂಗುತ್ತಿದ್ದರು. ಅವರು ಏಳಲಿಲ್ಲ. ಮಲ್ಲೇಶಪ್ಪ ಬಿಕ್ಕುವಾಗಲೆಲ್ಲ ನನ್ನ ಸಡಿಲ ಕೀಲುಗಳು ಕಿರುಗುಟ್ಟುತ್ತಿದ್ದವು. ಸದ್ದು ಮಾಡಬಾರದೆಂದು ಎಷ್ಟು ಅಂದುಕೊಂಡರೂ ನನ್ನಿಂದಾಗಲಿಲ್ಲ.